ನಗಿಸುವವನ ಮಾತು, ಕುರ್ಚಿ ಮುರಿಯುವವರ ಉತ್ತರ

ಕರಾವಳಿಯ ಬಯಲಾಟದಲ್ಲಿ ನಡುರಾತ್ರಿ ದಾಟಿದ ಹೊತ್ತು. ಮಕ್ಕಳು ಚಾಪೆಯ ಮೇಲೆ ಅಡ್ಡಾಗಿವೆ. ದೊಡ್ಡವರಲ್ಲಿ ಅರ್ಧ ಜನ ಚಹಾದಂಗಡಿಯ ಕಡೆ ಎದ್ದು ಹೋಗಿದ್ದಾರೆ. ಅಬ್ಬರದ ರಾಜವೇಷ ಚೌಕಿಗೆ ಮರಳಿದೆ, ಚೆಂಡೆ ಸುಮ್ಮನಾಗಿದೆ. ಮದ್ದಳೆಯ ಹಗುರ ಪೆಟ್ಟಿಗೆ ಒಬ್ಬ ದೂತನೋ ಬಾಗಿಲು ಕಾಯುವವನೋ ಕುಪ್ಪಳಿಸುತ್ತ ರಂಗಸ್ಥಳಕ್ಕೆ ಬರುತ್ತಾನೆ. ತಲೆಯ ಮೇಲೆ ಕಿರೀಟವಿಲ್ಲ, ಒಂದು ಟೊಪ್ಪಿ ಅಷ್ಟೆ. ಭಾಗವತರ ಜೊತೆ ಮಾತಿಗಿಳಿದವನು ದೇವಲೋಕದ ದಾರಿ ಎಷ್ಟು ಕೆಟ್ಟಿದೆ ಎಂದು ಗೊಣಗಲು ಶುರು ಮಾಡಿ, ಎರಡು ನಿಮಿಷ ಕಳೆಯುವಷ್ಟರಲ್ಲಿ ಊರಿನ ಹೊಂಡ ಬಿದ್ದ ರಸ್ತೆಗೆ ಬಂದು ನಿಲ್ಲುತ್ತಾನೆ. ಚುನಾವಣೆಯ ಕಾಲವಾದರೆ ಚಿತ್ರಗುಪ್ತನ ಲೆಕ್ಕದಲ್ಲಿ ಓಟಿಗೆ ಹಂಚಿದ ನೋಟೂ ಸೇರುತ್ತದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಪಂಚಾಯಿತಿಯ ಅಧ್ಯಕ್ಷರು ಕೂತಿರುತ್ತಾರೆ. ಚಾಪೆಯ ಮೇಲಿನವರು ಮೊದಲು ಅವರ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ.

ವಿಟ್ಲ ಜೋಷಿ, ಮಿಜಾರು ಅಣ್ಣಪ್ಪ, ಹಾಲಾಡಿ ಕೊಗ್ಗ ಅವರಂಥ ಹಾಸ್ಯಗಾರರ ಹೆಸರು ಹೇಳಿದರೆ ಹಳೆಯ ಪ್ರೇಕ್ಷಕರ ಕಣ್ಣು ಇಂದಿಗೂ ಅರಳುತ್ತದೆ. ಮೇಳಗಳಲ್ಲಿ ಹಾಸ್ಯಗಾರನ ಸ್ಥಾನ ಸಣ್ಣದಲ್ಲ. ಪುರಾಣದ ಕಥೆಯನ್ನು ಈ ಹೊತ್ತಿನ ಊರಿಗೆ ಹೊಲಿಯುವ ದಾರ ಅವನ ಕೈಯಲ್ಲಿರುತ್ತದೆ. ಪಕ್ಕದ ಕೇರಳದ ಚಾಕ್ಯಾರ್ ಕೂತ್ತಿನಲ್ಲಿ ಈ ಸಲಿಗೆ ಇನ್ನೂ ದೊಡ್ಡದು. ದೇವಾಲಯದ ಕೂತ್ತಂಬಲದಲ್ಲಿ ವಿದೂಷಕನ ವೇಷ ಹಾಕಿ ನಿಂತ ಚಾಕ್ಯಾರನಿಗೆ ಎದುರು ಕೂತ ಯಾರನ್ನಾದರೂ, ಅರಸನನ್ನೂ, ಎತ್ತಿ ಆಡುವ ಹಕ್ಕಿತ್ತು. ಆಡಿಸಿಕೊಂಡವನು ಸುಮ್ಮನೆ ಕೇಳಿಸಿಕೊಳ್ಳಬೇಕು ಎನ್ನುವುದೇ ಅಲ್ಲಿನ ಮರ್ಯಾದೆ.

ಹೀಗಿರುವಾಗ ‘ನಗಿಸುವುದು ಬಿಟ್ಟು ನಿನಗೇಕಪ್ಪ ರಾಜಕೀಯ’ ಎನ್ನುವ ಇಂದಿನ ಮಾತು ಎಲ್ಲಿಂದ ಬಂತು? ಸ್ಟ್ಯಾಂಡ್ ಅಪ್ ಕಾಮಿಡಿಯ ಹುಡುಗ ಹುಡುಗಿಯರು ಮೈಕು ಹಿಡಿದು ಸರ್ಕಾರದ ಬಗ್ಗೆ ಒಂದು ಮಾತಾಡಿದರೆ ಸಾಕು, ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ಪರಂಪರೆಯ ಹೆಸರಿನಲ್ಲೇ ಅದನ್ನು ಕೇಳುವವರಿದ್ದಾರೆ. ಆದರೆ ನಮ್ಮ ಪರಂಪರೆ ನುಡಿಯುವುದು ಬೇರೆಯೇ.

ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಿದವರು ಮರೆಯದ ಒಂದು ಸಂಗತಿ ಇದೆ. ನಾಟಕ ನಡೆಯುತ್ತಿರುವಾಗಲೇ ಅವರು ಪಾತ್ರದಿಂದ ಅರ್ಧ ಹೊರಗೆ ಕಾಲಿಟ್ಟು, ರಂಗದ ಅಂಚಿಗೆ ಬಂದು, ಆ ದಿನದ ಸುದ್ದಿಯನ್ನು ಎತ್ತಿಕೊಳ್ಳುತ್ತಿದ್ದರು. ಉಸಿರು ತೆಗೆದುಕೊಳ್ಳಲು ಬಿಡುವಿಲ್ಲದಂಥ ಮಾತು. ಮಂತ್ರಿ, ಶಾಸಕ, ಗುಮಾಸ್ತ, ಕಂಟ್ರಾಕ್ಟರು ಸಾಲಾಗಿ ಸಿಕ್ಕಿಬೀಳುತ್ತಿದ್ದರು. ಕೊನೆಗೆ ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡು ಬಂದು ನಗುತ್ತ ಕೂತ ಪ್ರೇಕ್ಷಕನ ಸರದಿ. ನಿನ್ನೆ ಇದ್ದ ಮಾತು ಇಂದು ಇರುತ್ತಿರಲಿಲ್ಲ, ಹುಬ್ಬಳ್ಳಿಯಲ್ಲಿ ಆಡಿದ್ದು ಮೈಸೂರಿಗೆ ಬರುವಾಗ ಬದಲಾಗುತ್ತಿತ್ತು. ಹಾಗಾಗಿ ಒಮ್ಮೆ ನೋಡಿದವರು ಮತ್ತೆ ಟಿಕೆಟ್ ಕೊಳ್ಳುತ್ತಿದ್ದರು. 1934ರಲ್ಲಿ ಹುಟ್ಟಿ 2019ರ ಮೇ 2ರಂದು ತೀರಿಕೊಂಡ ಈ ಕಲಾವಿದ, ತಂದೆ ಕೆ. ಹಿರಣ್ಣಯ್ಯನವರ ಮಿತ್ರಮಂಡಳಿಯನ್ನು ಹೆಗಲಿಗೇರಿಸಿಕೊಂಡು ‘ಲಂಚಾವತಾರ’, ‘ಭ್ರಷ್ಟಾಚಾರ’, ‘ನಡುಬೀದಿ ನಾರಾಯಣ’, ‘ಮಕ್ಮಲ್ ಟೋಪಿ’ಗಳನ್ನು ಸಾವಿರಾರು ಸಲ ಆಡಿದರು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಏಟು ತಪ್ಪುತ್ತಿರಲಿಲ್ಲ. ಬೈಸಿಕೊಂಡವರೇ ಮುಂದಿನ ಸಾಲಿನಲ್ಲಿ ಕೂತು ನೋಡಿದ ನಾಟಕ ಅದು.

ಅವರಿಗೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು. ಆದರೆ ಆ ಸಿಟ್ಟು ಆ ಥಿಯೇಟರಿನ ಒಳಗೇ ಹುಟ್ಟಿ, ಅಲ್ಲಿಯೇ ಒಂದು ದಾರಿ ಹುಡುಕಿಕೊಳ್ಳುತ್ತಿತ್ತು. ಒಬ್ಬರು ಎದ್ದು ಹೋಗುತ್ತಿದ್ದರು, ಇನ್ನೊಬ್ಬರು ಗದರುತ್ತಿದ್ದರು, ಮತ್ತೊಬ್ಬರು ಮರುದಿನ ಪತ್ರಿಕೆಗೆ ಬರೆಯುತ್ತಿದ್ದರು. ಈಗ ಬದಲಾಗಿರುವುದು ಜೋಕಲ್ಲ, ಉತ್ತರ. ಉತ್ತರ ಕೊಡುತ್ತಿರುವವರು ಸಭಾಂಗಣದಲ್ಲಿ ಕೂತಿರಲಿಲ್ಲ. ಏಟು ತಿನ್ನುತ್ತಿರುವವರಲ್ಲಿ ಅರ್ಧ ಜನ ಜೋಕು ಹೇಳಿರಲಿಲ್ಲ.

2025ರ ಮಾರ್ಚ್ 23ರ ರಾತ್ರಿ ಮುಂಬೈಯ ಖಾರ್‌ನಲ್ಲಿ ನಡೆದದ್ದನ್ನು ನೋಡಿ. ಸ್ಟ್ಯಾಂಡ್ ಅಪ್ ಹಾಸ್ಯಗಾರ ಕುನಾಲ್ ಕಾಮ್ರಾ ತಮ್ಮ ‘ನಯಾ ಭಾರತ್’ ಕಾರ್ಯಕ್ರಮದ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದ ದಿನ ಅದು. ‘ದಿಲ್ ತೋ ಪಾಗಲ್ ಹೈ’ ಸಿನಿಮಾದ ಹಾಡೊಂದರ ಧಾಟಿಗೆ ಅವರು ಬೇರೆ ಸಾಲು ಕಟ್ಟಿ, ಹೆಸರು ಹೇಳದೆ, ಉಪಮುಖ್ಯಮಂತ್ರಿ ಏಕನಾಥ ಶಿಂದೆಯವರನ್ನು ದ್ರೋಹಿ ಎಂದು ಹಾಡಿದ್ದರು. ರಾತ್ರಿಯಾಗುವ ಹೊತ್ತಿಗೆ ಶಿಂದೆ ಬಣದ ಶಿವಸೇನೆಯ ಕಾರ್ಯಕರ್ತರು ‘ಹ್ಯಾಬಿಟಾಟ್’ ಎಂಬ ಸಣ್ಣ ಸಭಾಂಗಣಕ್ಕೆ ನುಗ್ಗಿ ಕುರ್ಚಿ, ದೀಪ, ಕ್ಯಾಮೆರಾಗಳನ್ನು ಪುಡಿ ಮಾಡಿದರು. ವಿಡಿಯೊ ಅಲ್ಲಿ ಚಿತ್ರೀಕರಣವಾಗಿದ್ದು ಮುಂಚೆ ಯಾವಾಗಲೋ. ಅಂದು ರಾತ್ರಿ ಅಲ್ಲಿ ಕಾಮ್ರಾ ಇರಲಿಲ್ಲ. ಮರುದಿನ ಮುಂಬೈ ಮಹಾನಗರ ಪಾಲಿಕೆಯ ಸಿಬ್ಬಂದಿ ಸುತ್ತಿಗೆ ಹಿಡಿದು ಬಂದು, ಅನಧಿಕೃತ ಎನ್ನಲಾದ ಭಾಗಗಳನ್ನು ಕೆಡವಿದರು. ಸಭಾಂಗಣದವರು ಬಾಗಿಲು ಹಾಕುತ್ತಿರುವುದಾಗಿ ಪ್ರಕಟಿಸಿದರು. ದಾಂದಲೆ ಮಾಡಿದ ಹನ್ನೆರಡು ಮಂದಿಯನ್ನು ಪೊಲೀಸರು ಬಂಧಿಸಿದರು, ಅದೇ ದಿನ ಅವರಿಗೆ ಜಾಮೀನು ಸಿಕ್ಕಿತು.

ದ್ರೋಹಿ ಎಂಬ ಆ ಪದ ಕಾಮ್ರಾ ಹುಟ್ಟಿಸಿದ್ದಲ್ಲ. 2022ರ ಜೂನ್‌ನಲ್ಲಿ ಶಿಂದೆ ತಮ್ಮ ಶಾಸಕರೊಡನೆ ಪಕ್ಷ ಒಡೆದು, ಉದ್ಧವ್ ಠಾಕ್ರೆ ಸರ್ಕಾರವನ್ನು ಬೀಳಿಸಿದ ಮೇಲೆ ಮಹಾರಾಷ್ಟ್ರದ ರಾಜಕೀಯ ಸಭೆಗಳಲ್ಲಿ ಅದು ದಿನವೂ ಮೊಳಗಿದ ಪದ. ಅದನ್ನು ಆಡಿದ ನಾಯಕರ ವೇದಿಕೆಗಳಿಗೆ ಯಾರೂ ಸುತ್ತಿಗೆ ಒಯ್ದಿರಲಿಲ್ಲ. ರಾಜಕಾರಣಿ ಹೇಳಿದರೆ ಟೀಕೆ, ಹಾಸ್ಯಗಾರ ಹೇಳಿದರೆ ಅಪಚಾರ. ಈ ತಾರತಮ್ಯಕ್ಕೆ ಕಾರಣ ಹುಡುಕುವುದು ಕಷ್ಟವೇನಲ್ಲ. ವಿರೋಧಿಯ ಬೈಗುಳಕ್ಕೆ ಮರು ಬೈಗುಳ ಇದೆ. ನಗುವಿಗೆ ಮರುಮಾತು ಹೇಳಲು ಒಂದಿಷ್ಟು ಜಾಣ್ಮೆ ಬೇಕು, ಇಲ್ಲದಿದ್ದರೆ ತಾಳ್ಮೆ ಬೇಕು. ಎರಡೂ ಇಲ್ಲದ ಕಡೆ ಕೈ ಏಳುತ್ತದೆ.

ವ್ಯಂಗ್ಯ ತಮಗೆ ಅರ್ಥವಾಗುತ್ತದೆ, ಆದರೆ ಮಿತಿ ಇರಬೇಕು, ಕ್ರಿಯೆಗೆ ಪ್ರತಿಕ್ರಿಯೆ ಇದ್ದೇ ಇರುತ್ತದೆ ಎಂಬ ಧಾಟಿಯಲ್ಲಿ ಶಿಂದೆ ಮಾತಾಡಿದರು. ದಾಂದಲೆಯನ್ನು ತಾವು ಸಮರ್ಥಿಸುವುದಿಲ್ಲ ಎಂದೂ ಸೇರಿಸಿದರು. ಅಪಾಯ ಇರುವುದು ಈ ‘ಪ್ರತಿಕ್ರಿಯೆ’ ಎಂಬ ಮಾತಿನಲ್ಲೇ. ಕಲ್ಲು ಮೇಲಿನಿಂದ ಬಿದ್ದಂತೆ, ಯಾರೂ ಮಾಡದೆ ತಾನಾಗಿ ಆಗಿಹೋದದ್ದು ಎಂಬ ಅರ್ಥ ಅದರೊಳಗೆ ಅಡಗಿದೆ. ಕುರ್ಚಿ ತಾನಾಗಿ ಮುರಿಯುವುದಿಲ್ಲ. ಕಾಮ್ರಾ ಕ್ಷಮೆ ಕೇಳಲು ಒಪ್ಪಲಿಲ್ಲ. ತನ್ನ ಮಾತಿಗೆ ಸಭಾಂಗಣ ಹೊಣೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಮುಂದಿನ ಕೆಲವು ವಾರಗಳಲ್ಲಿ ಬುಕ್‌ಮೈಶೋ ತಾಣ ಅವರ ಹೆಸರನ್ನೇ ಕಲಾವಿದರ ಪಟ್ಟಿಯಿಂದ ತೆಗೆದುಹಾಕಿತು. ಮದ್ರಾಸ್ ಹೈಕೋರ್ಟ್ ಮಧ್ಯಂತರ ರಕ್ಷಣೆ ಕೊಟ್ಟಿತು, ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಬಂಧಿಸಕೂಡದು ಎಂದಿತು.

ಬೆಂಗಳೂರಿನವರು ಇದನ್ನು ಮುಂಬೈಯ ಕಥೆ ಎಂದು ದೂರ ಸರಿಸುವಂತಿಲ್ಲ. 2021ರ ನವೆಂಬರ್ 28ರ ಭಾನುವಾರ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಮುನಾವರ್ ಫಾರೂಕಿ ಕಾರ್ಯಕ್ರಮ ನಡೆಯಬೇಕಿತ್ತು. ಅಶೋಕನಗರ ಪೊಲೀಸರು ಸಂಘಟಕರಿಗೆ ಪತ್ರ ಬರೆದರು. ಈತ ವಿವಾದಿತ ವ್ಯಕ್ತಿ, ಕಾರ್ಯಕ್ರಮ ನಡೆದರೆ ಶಾಂತಿ ಕದಡಬಹುದು, ಆದ್ದರಿಂದ ರದ್ದು ಮಾಡಿ ಎಂಬುದು ಅದರ ಸಾರ. ಆರುನೂರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು ಎಂದು ಫಾರೂಕಿ ಹೇಳಿಕೊಂಡರು. ಪುನೀತ್ ರಾಜ್‌ಕುಮಾರ್ ತೀರಿಕೊಂಡು ಒಂದೇ ತಿಂಗಳಾಗಿತ್ತು. ಅವರ ಹೆಸರಿನ ಸೇವಾ ಕಾರ್ಯಕ್ಕೆ ಹಣ ಕೊಡುವ ಉದ್ದೇಶವಿತ್ತು, ಆದರೆ ಅದನ್ನು ಹೇಳಿಕೊಂಡು ಟಿಕೆಟ್ ಮಾರಲಿಲ್ಲ ಎಂದೂ ಬರೆದುಕೊಂಡರು. ಎರಡು ತಿಂಗಳಲ್ಲಿ ರದ್ದಾದ ಹನ್ನೆರಡನೆಯ ಕಾರ್ಯಕ್ರಮ ಅದೆಂದು ಲೆಕ್ಕ ಕೊಟ್ಟು, ದ್ವೇಷ ಗೆದ್ದಿತು, ಕಲಾವಿದ ಸೋತ ಎಂದು ನೋವು ತೋಡಿಕೊಂಡರು. ಅದಕ್ಕೂ ಮುಂಚೆ, ಅದೇ ವರ್ಷದ ಜನವರಿ 1ರಂದು ಇಂದೋರಿನ ಕೆಫೆಯೊಂದರಲ್ಲಿ ಬಂಧನಕ್ಕೊಳಗಾಗಿ, ಸುಪ್ರೀಂ ಕೋರ್ಟ್ ಜಾಮೀನು ಕೊಡುವವರೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದ ಯುವಕ ಅವರು. 2022ರ ನವೆಂಬರ್ 10ರಂದು ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ವೀರ್ ದಾಸ್ ಕಾರ್ಯಕ್ರಮವೂ ಸಂಘಟನೆಯೊಂದು ಪೊಲೀಸರಿಗೆ ದೂರು ಕೊಟ್ಟು ಪ್ರತಿಭಟಿಸಿದ ಮೇಲೆ ನಡೆಯಲಿಲ್ಲ. ಮುಂದಿನ ವರ್ಷ ಅದೇ ವೀರ್ ದಾಸ್ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಗೆದ್ದರು.

ಆ ಭಾನುವಾರ ಆರುನೂರು ಕನ್ನಡಿಗರೋ ಬೆಂಗಳೂರಿಗರೋ ತಮ್ಮ ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದರು. ಕೇಳುವುದು ಅವರ ಹಕ್ಕಾಗಿತ್ತು. ಯಾರೋ ಗಲಾಟೆ ಮಾಡಬಹುದು ಎಂಬ ಊಹೆಗೆ ಮನೆಯಲ್ಲಿ ಕೂರಬೇಕಾದವರು ಅವರು. ಗಲಾಟೆ ಮಾಡಬಹುದಾದವರಿಗೆ ಪತ್ರ ಹೋಗಲಿಲ್ಲ.

ಈ ರೋಗ ಒಂದು ಪಕ್ಷದ್ದಲ್ಲ. ಕಾಂಗ್ರೆಸ್ ನೇತೃತ್ವದ ಸರ್ಕಾರ ಮಹಾರಾಷ್ಟ್ರವನ್ನು ಆಳುತ್ತಿದ್ದ 2012ರಲ್ಲಿ ವ್ಯಂಗ್ಯಚಿತ್ರಕಾರ ಅಸೀಂ ತ್ರಿವೇದಿ ಮೇಲೆ ದೇಶದ್ರೋಹದ ಆರೋಪ ಬಿತ್ತು. ಅದೇ ವರ್ಷ ಬಂಗಾಳದಲ್ಲಿ ಮಮತಾ ಬ್ಯಾನರ್ಜಿಯವರನ್ನು ಗೇಲಿ ಮಾಡಿದ ಚಿತ್ರವೊಂದನ್ನು ಇಮೇಲ್‌ನಲ್ಲಿ ಹಂಚಿದ್ದಕ್ಕೆ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಬಂಧನಕ್ಕೊಳಗಾದರು. ಆ ಪ್ರಕರಣದಿಂದ ಅವರು ಪೂರ್ತಿ ಬಿಡುಗಡೆ ಕಂಡಿದ್ದು 2023ರಲ್ಲಿ. ಒಂದು ಚಿತ್ರ ಹಂಚಿದ್ದಕ್ಕೆ ಹತ್ತು ವರ್ಷ ಮೀರಿದ ಅಲೆದಾಟ.

ನಗುವಿಗೆ ಸರ್ಕಾರ ಬೆಚ್ಚಿದ್ದು ಬ್ರಿಟಿಷರ ಕಾಲಕ್ಕೇ ಮೊದಲಾಯಿತು. 1875ರ ಕೊನೆಗೆ ವೇಲ್ಸ್ ರಾಜಕುಮಾರ ಕಲ್ಕತ್ತೆಗೆ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ತಮ್ಮ ಮನೆಯ ಅಂತಃಪುರಕ್ಕೆ ಕರೆದು, ಹೆಂಗಸರಿಂದ ಸ್ವಾಗತ ಮಾಡಿಸಿದರು. ಊರು ಕುದಿಯಿತು. ಗ್ರೇಟ್ ನ್ಯಾಷನಲ್ ಥಿಯೇಟರ್ ‘ಗಜದಾನಂದ ಮತ್ತು ಯುವರಾಜ’ ಎಂಬ ಪ್ರಹಸನ ಆಡಿತು. ಹೆಸರಿನ ಮೊದಲೆರಡು ಅಕ್ಷರ ಅದಲುಬದಲು, ಅಷ್ಟೆ. ಜನ ಮುಗಿಬಿದ್ದರು, ಪೊಲೀಸರು ನಿಲ್ಲಿಸಿದರು, 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಬಂತು. ಯಾವ ನಾಟಕವನ್ನಾದರೂ ತಡೆಯುವ ಅಧಿಕಾರ ಸರ್ಕಾರದ ಕೈಗೆ ಬಂತು. ಸ್ವತಂತ್ರ ಭಾರತದ ಸಂಸತ್ತು ಆ ಕಾಯ್ದೆಯನ್ನು ಪುಸ್ತಕದಿಂದ ತೆಗೆದದ್ದು 2018ರಲ್ಲಿ. ರಾಜಕುಮಾರನ ಮೇಲಿನ ಒಂದು ಪ್ರಹಸನದ ನೆರಳು ಅಷ್ಟು ಉದ್ದ ಚಾಚಿತ್ತು.

ಬೇರೆ ಬಗೆಯ ಉತ್ತರವನ್ನೂ ಈ ದೇಶ ಕಂಡಿದೆ. 1948ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ‘ಶಂಕರ್ಸ್ ವೀಕ್ಲಿ’ ಶುರು ಮಾಡಿದಾಗ ಪ್ರಧಾನಿ ನೆಹರೂ ತನ್ನನ್ನೂ ಬಿಡಬೇಡಿ ಎಂದು ಅವರಿಗೆ ಹೇಳಿದ್ದು ಪ್ರಸಿದ್ಧ. ಶಂಕರ್ ಬಿಡಲೂ ಇಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. 1962ರ ಚೀನಾ ಯುದ್ಧದ ಬಳಿಕ ನೆಹರೂ ಬಗ್ಗೆ ಬರೆದ ಒಂದು ಚಿತ್ರ ಅಚ್ಚಾದ ದಿನ ಅವರಿಗೆ ದೂರವಾಣಿ ಬಂತು. ಅತ್ತ ಕಡೆ ಸ್ವತಃ ಪ್ರಧಾನಿ. ಚಿತ್ರ ಖುಷಿ ಕೊಟ್ಟಿತು, ಸಹಿ ಹಾಕಿದ ದೊಡ್ಡ ಪ್ರತಿಯೊಂದು ಸಿಗಬಹುದೇ ಎಂದು ಕೇಳಿದರು. ಯುದ್ಧದಲ್ಲಿ ಸೋತು, ಮನಸ್ಸು ಮುರಿದು, ಸಂಸತ್ತಿನ ಒಳಗೂ ಹೊರಗೂ ಟೀಕೆ ಕೇಳುತ್ತಿದ್ದ ಎಪ್ಪತ್ತು ದಾಟಿದ ಮನುಷ್ಯ ಆಡಿದ ಮಾತದು. ಗೆದ್ದಾಗ ನಗಬಲ್ಲವರು ಎಲ್ಲೆಲ್ಲೂ ಸಿಗುತ್ತಾರೆ. ಆ ದೂರವಾಣಿಯ ತೂಕ ಬೇರೆ.

ಹದಿಮೂರು ವರ್ಷ ಕಳೆಯುವಷ್ಟರಲ್ಲಿ ನೆಹರೂ ಮಗಳ ತುರ್ತುಪರಿಸ್ಥಿತಿ ಬಂತು. 1975ರ ಆಗಸ್ಟ್ ಕೊನೆಗೆ ‘ಶಂಕರ್ಸ್ ವೀಕ್ಲಿ’ ನಿಂತಿತು. ಸರ್ವಾಧಿಕಾರಿಗಳಿಗೆ ನಗು ದುಬಾರಿ ಎನ್ನುವ ಅರ್ಥದ ಸಂಪಾದಕೀಯ ಬರೆದು ಶಂಕರ್ ವಿದಾಯ ಹೇಳಿದರು. ಆ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ಒಂದು ಚಿತ್ರ ಮಾತ್ರ ಸೆನ್ಸಾರಿನ ಬಲೆಯಿಂದ ಹೇಗೋ ಪಾರಾಯಿತು: ಸ್ನಾನದ ತೊಟ್ಟಿಯಲ್ಲಿ ಕೂತ ರಾಷ್ಟ್ರಪತಿ ಸುಗ್ರೀವಾಜ್ಞೆಗೆ ಸಹಿ ಮಾಡಿ ಬಾಗಿಲ ಸಂದಿಯಿಂದ ಹೊರಗೆ ಕೊಡುತ್ತಿದ್ದಾರೆ. ಆ ಇಪ್ಪತ್ತೊಂದು ತಿಂಗಳನ್ನು ವಿವರಿಸಲು ಬರೆದ ಎಷ್ಟೋ ಪುಟಗಳಿಗಿಂತ ಆ ತೊಟ್ಟಿಯೇ ಜನರ ನೆನಪಿನಲ್ಲಿ ನಿಂತಿದೆ.

ಕನ್ನಡದ ಪತ್ರಿಕೆಗಳೂ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ‘ಕೊರವಂಜಿ’ ಆರಂಭಿಸಿದರು. ವಿದ್ಯಾರ್ಥಿಯಾಗಿದ್ದ ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. 1980ರಲ್ಲಿ ಪಿ. ಲಂಕೇಶ್ ಜಾಹೀರಾತಿನ ಹಂಗಿಲ್ಲದ ಪತ್ರಿಕೆ ತಂದು, ಮುಖ್ಯಮಂತ್ರಿ ಗುಂಡೂರಾವ್ ಅವರನ್ನು ‘ಗುಂ’, ಬಂಗಾರಪ್ಪನವರನ್ನು ‘ಬಂ’ ಮಾಡಿಬಿಟ್ಟರು. ಒಂದೊಂದೇ ಅಕ್ಷರ. ಹಳ್ಳಿಯ ಕ್ಷೌರದಂಗಡಿಯಲ್ಲಿ ಕೂತವರೂ ಆ ಅಕ್ಷರ ಹೇಳಿ ನಗುತ್ತಿದ್ದರು. ಅದೇ ವರ್ಷ ಬೆಂಗಳೂರಿನ ರಂಗಭೂಮಿಯಲ್ಲಿ ‘ಮುಖ್ಯಮಂತ್ರಿ’ ನಾಟಕ ಬಂತು. ಅದರ ನಾಯಕನ ಪಾತ್ರ ಮಾಡಿದ ಚಂದ್ರಶೇಖರ್ ಅವರಿಗೆ ಆ ಪದವೇ ಹೆಸರಾಗಿ ಅಂಟಿಕೊಂಡಿತು. 1985ರಲ್ಲಿ ಅವರು ಗೌರಿಬಿದನೂರಿನಿಂದ ನಿಜವಾಗಿಯೇ ವಿಧಾನಸಭೆಗೆ ಆರಿಸಿ ಬಂದರು. ಹತ್ತಿರದ ಕಾಲಕ್ಕೆ ಬಂದರೆ, 2019ರ ಮಂಡ್ಯ ಚುನಾವಣೆಯ ‘ನಿಖಿಲ್ ಎಲ್ಲಿದ್ದೀಯಪ್ಪ’ ಇದೆ. ಹಿಂದೆ ಸಿನಿಮಾ ಸಮಾರಂಭವೊಂದರಲ್ಲಿ ಆ ಅಭ್ಯರ್ಥಿಯ ತಂದೆ ಮಗನನ್ನು ವೇದಿಕೆಯಿಂದ ಕೂಗಿ ಕರೆದ ಒಂದು ಮಾತನ್ನು ಊರ ಹುಡುಗರು ಎತ್ತಿಕೊಂಡು ರಾಜ್ಯಕ್ಕೆಲ್ಲ ಹಬ್ಬಿಸಿದರು. ಅದನ್ನು ಬರೆದ ಲೇಖಕ ಯಾರೂ ಇಲ್ಲ. ರಾಜಕೀಯ ಹಾಸ್ಯಕ್ಕೆ ವೃತ್ತಿಯ ಹಾಸ್ಯಗಾರನೇ ಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಹಾಸ್ಯಗಾರರು ರಾಜಕೀಯ ಬಿಟ್ಟುಬಿಟ್ಟರೆ ಏನಾಗುತ್ತದೆ? ನಗು ನಿಲ್ಲುವುದಿಲ್ಲ. ಅದು ಬೇರೆ ಗುರಿ ಹುಡುಕಿಕೊಳ್ಳುತ್ತದೆ. ಈ ಮಾತನ್ನು ಕನ್ನಡದ ನಗೆಸಂಜೆಗಳನ್ನೂ ಟಿವಿಯ ಕಾಮಿಡಿ ಕಾರ್ಯಕ್ರಮಗಳನ್ನೂ ಕಂಡವರಿಗೆ ವಿವರಿಸಿ ಹೇಳಬೇಕಿಲ್ಲ. ಮಾಜಿ ಮಂತ್ರಿಯೊಬ್ಬರು ದೀಪ ಬೆಳಗಿ, ಶಾಸಕರು ಶಾಲು ಹೊದ್ದು ಮುಂದಿನ ಸೋಫಾದಲ್ಲಿ ಕೂತಿರುವ ಸಭೆ. ಅವರ ಬಗ್ಗೆ ಒಂದು ಮಾತಿಲ್ಲ. ಜೋಕು ಹೆಂಡತಿಯ ಮೇಲೆ ಬೀಳುತ್ತದೆ, ಅವಳ ಅಡುಗೆಯ ಮೇಲೆ, ಅವಳ ತೂಕದ ಮೇಲೆ. ಆಮೇಲೆ ಕಪ್ಪು ಬಣ್ಣ, ಉಗ್ಗುವ ನಾಲಿಗೆ, ಮೆಳ್ಳಗಣ್ಣು, ಹಳ್ಳಿಯಿಂದ ಬಂದವನ ಉಚ್ಚಾರ, ಉತ್ತರ ಕರ್ನಾಟಕದ ಮಾತಿನ ಧಾಟಿ, ಸೀರೆ ಉಟ್ಟ ಗಂಡಸು. ಇವರಲ್ಲಿ ಯಾರೂ ಸಭಾಂಗಣದ ಕುರ್ಚಿ ಮುರಿಯಲು ಬರುವುದಿಲ್ಲ. ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಾರೆ. ಅವರು ಅಷ್ಟು ಸುಲಭದ ಗುರಿಯಾದದ್ದೇ ಅವರಿಗೆ ಬಲವಿಲ್ಲ ಎಂಬ ಕಾರಣಕ್ಕೆ.

ಹಾಸ್ಯಗಾರನಿಗೆ ರಾಜಕೀಯ ಬೇಡ ಎನ್ನುವವರು ಈ ಲೆಕ್ಕವನ್ನು ಹಾಕಿ ನೋಡುವುದಿಲ್ಲ. ಬಲಿಷ್ಠರ ಮೇಲಿನ ಜೋಕನ್ನು ಪ್ರತಿ ಸಲ ನಿಲ್ಲಿಸಿದಾಗಲೂ ದುರ್ಬಲರ ಮೇಲಿನ ಜೋಕಿಗೆ ಒಂದು ಸಂಜೆ ಖಾಲಿ ಸಿಗುತ್ತದೆ.

ಹಾಸ್ಯಗಾರರಿಗೂ ಇಲ್ಲಿ ಕಟುವಾಗಿ ಹೇಳಬೇಕಾದ ಮಾತುಗಳಿವೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾಲೇಜು ಉತ್ಸವವೊಂದರಲ್ಲಿ ವಿದ್ಯಾರ್ಥಿಗಳು ಆಡಿದ ಕಿರುಪ್ರಹಸನ ಅಂಬೇಡ್ಕರ್ ಅವರ ಹೆಸರನ್ನೂ ಮೀಸಲಾತಿಯನ್ನೂ ದಲಿತರನ್ನೂ ಗೇಲಿಗೆ ತಂದಿತು. ರಾಜಕೀಯ ವಿಡಂಬನೆ ಎಂಬ ಹೆಸರಿನಲ್ಲೇ ಬಂದ ನಾಟಕ. ಆದರೆ ಅದರ ಏಟು ಬಿದ್ದದ್ದು ಅಧಿಕಾರದ ಮೇಲಲ್ಲ, ಶತಮಾನಗಳಿಂದ ಏಟು ತಿಂದವರ ಮೇಲೆ. ಅದನ್ನು ಆ ಸಭೆಯಲ್ಲೇ ಯಾರಾದರೂ ಎದ್ದು ನಿಂತು ತಡೆದಿದ್ದರೆ ಚೆನ್ನಿತ್ತು. ಕಾಲೇಜು ಮಾರನೆಯ ದಿನವೇ ಆ ಹುಡುಗರನ್ನು ಕೂರಿಸಿಕೊಂಡು ಮಹಾಡ್ ಕೆರೆಯ ಕಥೆ ಹೇಳಿದ್ದರೆ ಇನ್ನೂ ಚೆನ್ನಿತ್ತು. ನಡೆದದ್ದು ಬಂಧನ. ಮುಂದೆ ಹೈಕೋರ್ಟ್ ಪ್ರಕರಣವನ್ನು ರದ್ದು ಮಾಡಿತು. ಇಷ್ಟೆಲ್ಲ ಆದ ಮೇಲೆ ಆ ವಿದ್ಯಾರ್ಥಿಗಳು ಕಾನೂನು ಕಲಿತಿರಬಹುದು, ಜಾತಿಯ ಬಗ್ಗೆ ಏನಾದರೂ ಕಲಿತರೇ?

ಎರಡನೆಯದು ಸತ್ಯದ ವಿಷಯ. ಹಾಸ್ಯ ಉತ್ಪ್ರೇಕ್ಷೆಯಿಂದಲೇ ಬದುಕುತ್ತದೆ. ಇದ್ದ ಮೂಗನ್ನು ಎರಡು ಪಟ್ಟು ಮಾಡಬಹುದು, ಇಲ್ಲದ ಬಾಲವನ್ನು ಅಂಟಿಸಬಾರದು. ಸುಳ್ಳು ಅಂಕಿಅಂಶ ಹೇಳಿ ಚಪ್ಪಾಳೆ ಗಿಟ್ಟಿಸಿ, ಸಿಕ್ಕಿಬಿದ್ದಾಗ ‘ತಮಾಷೆಗೆ ಹೇಳಿದ್ದು’ ಎಂದು ಜಾರಿಕೊಳ್ಳುವವರು ಇಡೀ ಕಸುಬಿಗೆ ಮಸಿ ಬಳಿಯುತ್ತಾರೆ. ಪಕ್ಷದ ಬಾಡಿಗೆಗೆ ದುಡಿಯುವ ಹಾಸ್ಯ ಇನ್ನೊಂದು ಕೇಡು. ಎದುರು ಪಕ್ಷದವರ ಮೇಲೆ ಹರಿ ಹಾಯ್ದು, ತನ್ನವರ ವಿಷಯ ಬಂದಾಗ ಹವಾಮಾನದ ಜೋಕಿಗೆ ತಿರುಗುವವನನ್ನು ಪ್ರೇಕ್ಷಕರು ಬೇಗ ಗುರುತಿಸುತ್ತಾರೆ. ಹಿರಣ್ಣಯ್ಯನವರ ಮಾತು ನಡೆದದ್ದೇ ಅವರ ಕೋಲು ಎಲ್ಲರ ಬೆನ್ನಿಗೂ ಬೀಳುತ್ತದೆಂಬ ನಂಬಿಕೆಯ ಮೇಲೆ.

ಹಾಸ್ಯದಿಂದ ಅಧಿಕಾರಕ್ಕೆ ದಾಟಿದವರೂ ಇದ್ದಾರೆ. 2005ರ ‘ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ನೋಡಿದವರಿಗೆ ಸ್ಪರ್ಧಿಯಾಗಿ ನಿಂತ ಭಗವಂತ ಮಾನ್, ತೀರ್ಪುಗಾರರ ಕುರ್ಚಿಯಲ್ಲಿ ಕೂತು ನಗುತ್ತಿದ್ದ ನವಜೋತ್ ಸಿಂಗ್ ಸಿಧು ಇಬ್ಬರೂ ನೆನಪಿರಬಹುದು. 2022ರ ಮಾರ್ಚ್‌ನಲ್ಲಿ ಪಂಜಾಬಿನ ಜನ ಅದೇ ಸ್ಪರ್ಧಿಯನ್ನು ಮುಖ್ಯಮಂತ್ರಿ ಮಾಡಿದರು, ಆ ಚುನಾವಣೆಯಲ್ಲಿ ತೀರ್ಪುಗಾರ ಸೋತಿದ್ದರು. ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತ ಮೇಲೆ ಮಾನ್ ಹಾಸ್ಯಗಾರರಲ್ಲ, ಹಾಸ್ಯದ ವಸ್ತು. ಅದನ್ನು ಒಪ್ಪಿಕೊಳ್ಳುವುದು ಹಳೆಯ ಕಸುಬಿಗೆ ಅವರು ತೀರಿಸಬೇಕಾದ ಋಣ.

ಇನ್ನು, ಭಕ್ತರ ಭಾವನೆಗೆ ನೋವಾಯಿತು ಎಂಬ ದೂರು. ಹಾಸ್ಯನಟ ಕಿಕು ಶಾರದಾ ಟಿವಿಯಲ್ಲಿ ಡೇರಾ ಸಚ್ಚಾ ಸೌದಾದ ಗುರ್ಮೀತ್ ರಾಮ್ ರಹೀಮನ ಅಣಕು ಮಾಡಿದರು. 2016ರ ಜನವರಿಯಲ್ಲಿ ಹರಿಯಾಣ ಪೊಲೀಸರು ಮುಂಬೈಗೆ ಬಂದು ಅವರನ್ನು ಬಂಧಿಸಿ ಕರೆದೊಯ್ದರು. ಧಾರ್ಮಿಕ ಭಾವನೆ ಕೆರಳಿಸಿದ ಆರೋಪ. ಆಗ ಆ ಬಾಬಾನ ವೇದಿಕೆಯಲ್ಲಿ ರಾಜಕಾರಣಿಗಳು ಕೈಮುಗಿದು ನಿಲ್ಲುತ್ತಿದ್ದ ಕಾಲ. 2017ರ ಆಗಸ್ಟ್‌ನಲ್ಲಿ ಅದೇ ಬಾಬಾ ಅತ್ಯಾಚಾರದ ಅಪರಾಧಿ ಎಂದು ನ್ಯಾಯಾಲಯ ತೀರ್ಪಿತ್ತು, ಇಪ್ಪತ್ತು ವರ್ಷದ ಶಿಕ್ಷೆ ವಿಧಿಸಿತು. ದೊಡ್ಡವರೆಲ್ಲ ಬಾಯಿ ಮುಚ್ಚಿಕೊಂಡಿದ್ದಾಗ ಆ ಹೊಳೆಯುವ ಅಂಗಿಯನ್ನು ಹಾಕಿಕೊಂಡು ನಗಿಸಿದವನು ಒಬ್ಬ ಕಾಮಿಡಿ ನಟ. ಅವನು ಅದನ್ನು ಹೋರಾಟವೆಂದು ಮಾಡಿದ್ದಲ್ಲ ನಿಜ. ಆದರೂ ಕೈಮುಗಿದವರ ನಡುವೆ ಒಂದು ಕ್ಷಣ ಬಾಬಾ ಮನುಷ್ಯನಾಗಿ ಕಂಡದ್ದು ಆ ಅಣಕಿನಲ್ಲಿ.

ಪೊಲೀಸರು, ಅಧಿಕಾರಿಗಳು ಏನು ಮಾಡಬೇಕು ಎನ್ನುವುದಕ್ಕೆ ಸುಪ್ರೀಂ ಕೋರ್ಟಿನ ಮಾತು ಹಳೆಯದಾಗಿಯೇ ಇದೆ. 1989ರಲ್ಲಿ ರಂಗರಾಜನ್ ಪ್ರಕರಣದ ತೀರ್ಪು ಬಂತು. ತಮಿಳು ಸಿನಿಮಾವೊಂದಕ್ಕೆ ಸಂಬಂಧಿಸಿದ ವ್ಯಾಜ್ಯ ಅದು. ಮೆರವಣಿಗೆ, ಹಿಂಸೆಯ ಬೆದರಿಕೆ ಇದೆ ಎಂದು ಅಭಿವ್ಯಕ್ತಿಯನ್ನು ಅದುಮಿದರೆ ಬೆದರಿಕೆ ಹಾಕಿದವರಿಗೆ ಶರಣಾದಂತೆ, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು ನ್ಯಾಯಾಲಯ. ಇನ್ನೂ ಹತ್ತಿರದ ಉದಾಹರಣೆ ಬಂಗಾಳದ್ದು. ಅನೀಕ್ ದತ್ತ ನಿರ್ದೇಶಿಸಿದ ‘ಭವಿಷ್ಯತೇರ್ ಭೂತ್’ ರಾಜಕೀಯ ವಿಡಂಬನೆಯ ಸಿನಿಮಾ. 2019ರ ಫೆಬ್ರುವರಿಯಲ್ಲಿ ತೆರೆಗೆ ಬಂದ ಮರುದಿನವೇ ಚಿತ್ರಮಂದಿರಗಳಿಂದ ಕಾಣೆಯಾಯಿತು. ಲಿಖಿತ ಆದೇಶವೂ ಇಲ್ಲ, ಕಾರಣವೂ ಇಲ್ಲ. ಆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬಂಗಾಳ ಸರ್ಕಾರಕ್ಕೆ ಛೀಮಾರಿ ಹಾಕಿ, ನಿರ್ಮಾಪಕರಿಗೆ 20 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಹಾಸ್ಯವನ್ನು ತಡೆದದ್ದಕ್ಕೆ ಸರ್ಕಾರವೇ ದುಡ್ಡು ಕಟ್ಟಬೇಕಾಯಿತು. ಬೆಂಗಳೂರಿನಲ್ಲಿ ರದ್ದಾದ ಸಂಜೆಗಳಿಗೆ ಹೀಗೊಂದು ಬೆಲೆ ಯಾರೂ ಕಟ್ಟಿಸಲಿಲ್ಲ. ಕಟ್ಟಿಸಿದ್ದರೆ ರದ್ದು ಮಾಡಿ ಎಂದು ಬರೆಯುವ ಮುನ್ನ ಕೈ ಒಂದಿಷ್ಟು ತಡೆಯುತ್ತಿತ್ತು.

ಮಾಡಲು ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೂ ಪುರಾವೆ ಇದೆ. 2022ರ ಆಗಸ್ಟ್ 20ರಂದು ಹೈದರಾಬಾದಿನ ಶಿಲ್ಪಕಲಾ ವೇದಿಕೆಯಲ್ಲಿ ಅದೇ ಮುನಾವರ್ ಫಾರೂಕಿಯ ಕಾರ್ಯಕ್ರಮ ನಡೆಯಿತು. ಬೆದರಿಕೆ ಬೆಂಗಳೂರಿಗಿಂತ ಕಡಿಮೆ ಇರಲಿಲ್ಲ. ಶಾಸಕರೊಬ್ಬರು ಬಹಿರಂಗವಾಗಿಯೇ ಎಚ್ಚರಿಕೆ ಕೊಟ್ಟಿದ್ದರು. ಪೊಲೀಸರು ಅವರನ್ನು ಮುಂಚಿತವಾಗಿ ವಶಕ್ಕೆ ತೆಗೆದುಕೊಂಡರು, ಸಭಾಂಗಣದ ಸುತ್ತ ಬಿಗಿ ಬಂದೋಬಸ್ತ್ ಹಾಕಿದರು, ಪ್ರತಿಭಟಿಸಲು ಬಂದವರನ್ನು ಹೊರಗೇ ತಡೆದರು. ಒಳಗೆ ಕೂತವರು ನಕ್ಕು ಮನೆಗೆ ಹೋದರು. ಪತ್ರ ಬರೆದು ರದ್ದು ಮಾಡಿಸುವುದಕ್ಕಿಂತ ಇದು ಹೆಚ್ಚು ಶ್ರಮದ ಕೆಲಸ, ಪೊಲೀಸರಿಗೆ ಸಂಬಳ ಕೊಡುವುದು ಇಂಥ ಕೆಲಸಕ್ಕೇ.

ಪ್ರೇಕ್ಷಕರ ಕೈಯಲ್ಲೂ ಉತ್ತರಗಳಿವೆ. ಟಿಕೆಟ್ ಕೊಳ್ಳದೆ ಇರಬಹುದು. ಎದ್ದು ಹೋಗಬಹುದು. ಜೋಕು ಚೆನ್ನಾಗಿಲ್ಲ ಎಂದು ಬರೆಯಬಹುದು, ತಾವೇ ಇನ್ನೂ ಚೆನ್ನಾದ ಜೋಕು ಕಟ್ಟಬಹುದು. ಎಲ್ಲಕ್ಕಿಂತ ದೊಡ್ಡದು, ನಗದೆ ಇರುವುದು. ವೇದಿಕೆಯ ಮೇಲೆ ನಿಂತವನಿಗೆ ಮೌನದಷ್ಟು ಕ್ರೂರ ಶಿಕ್ಷೆ ಇನ್ನೊಂದಿಲ್ಲ. ಜೋಕು ಹೇಳಿದ ಮೇಲೆ ಎರಡು ಕ್ಷಣ ಏನೂ ಕೇಳಿಸದಿದ್ದರೆ ಆ ಬೆವರು ಬೆನ್ನ ಮೇಲೆ ಇಳಿಯುವುದು ಅವನಿಗೇ ಗೊತ್ತು. ಒಂದು ಗಂಟೆಯ ಮಾತಿನಿಂದ ಹದಿನೈದು ಸೆಕೆಂಡು ಕತ್ತರಿಸಿ ರೀಲ್ಸ್ ಮಾಡಿ ಹರಿಬಿಟ್ಟಾಗ ಆ ಮೌನದ ಅಧಿಕಾರ ಪ್ರೇಕ್ಷಕರ ಕೈತಪ್ಪಿ, ಒಳಗೆ ಕಾಲಿಡದವರ ಕೈಗೆ ಹೋಗುತ್ತದೆ. ಮುಂದೆ ಏನು ಹೇಳಿದ, ಹಿಂದೆ ಏನಿತ್ತು, ಯಾರಿಗೂ ಬೇಡ.

2020ರ ಜನವರಿ 21ರಂದು ಬೀದರಿನ ಶಾಹೀನ್ ಶಾಲೆಯಲ್ಲಿ ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ಪುಟ್ಟ ನಾಟಕ ಆಡಿದರು. ದಾಖಲೆ ಕೇಳುವವರಿಗೆ ಚಪ್ಪಲಿಯಲ್ಲಿ ಹೊಡೆಯುವ ಮಾತು ಅದರಲ್ಲಿತ್ತು. ಶಾಲೆಯ ಗೋಡೆಯೊಳಗೆ ಮುಗಿದಿದ್ದರೆ ಅಷ್ಟೇ. ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು, ನಾಟಕ ನೋಡದವರಿಗೆ ನೋವಾಯಿತು, ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಜೈಲಿಗೆ ಹಾಕಿದರು. ಯಾರು ಬರೆದದ್ದು, ಯಾರು ಹೇಳಿಕೊಟ್ಟದ್ದು ಎಂದು ಪೊಲೀಸರು ಮಕ್ಕಳನ್ನು ಹಲವು ಸಲ ವಿಚಾರಿಸಿದರು. ಸಮವಸ್ತ್ರದ, ಸೊಂಟದಲ್ಲಿ ಆಯುಧವಿದ್ದ ಪೊಲೀಸರ ಎದುರು ಮಕ್ಕಳು ಕೂತಿರುವ ಫೋಟೊ ನ್ಯಾಯಾಲಯದ ಮುಂದೆ ಬಂದಾಗ, ಆಗ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರ ಪೀಠ ಇದು ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎಂದು 2021ರಲ್ಲಿ ಹೇಳಿತು. ಅದೇ ಓಕಾ, ಮುಂದೆ ಸುಪ್ರೀಂ ಕೋರ್ಟಿನಲ್ಲಿ ಕೂತು, 2025ರ ಮಾರ್ಚ್ 28ರಂದು ಸಂಸದ ಇಮ್ರಾನ್ ಪ್ರತಾಪ್‌ಗಢಿಯವರ ಕವಿತೆಯ ಪ್ರಕರಣದಲ್ಲಿ ಕಾವ್ಯ, ನಾಟಕ, ವಿಡಂಬನೆ ಮನುಷ್ಯನ ಬದುಕಿಗೆ ಅರ್ಥ ತುಂಬುತ್ತವೆ, ಮಾತಿನ ಪರಿಣಾಮವನ್ನು ಅಳೆಯುವಾಗ ಗಟ್ಟಿ ಮನಸ್ಸಿನವರ ಅಳತೆಗೋಲು ಹಿಡಿಯಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರದ್ದಲ್ಲ ಎಂದು ಬರೆದರು. ಮದ್ರಾಸ್ ಹೈಕೋರ್ಟ್ ಕಾಮ್ರಾಗೆ ರಕ್ಷಣೆ ಕೊಟ್ಟದ್ದೂ ಅದೇ ದಿನ.

ಬೀದರಿನ ಪ್ರಕರಣವನ್ನು ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್ 14ರಂದು ರದ್ದುಪಡಿಸಿತು. ಆ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದ್ದು ಹೌದು, ಆದರೆ ದೇಶದ್ರೋಹ ಅಲ್ಲ ಎಂದಿತು. ನಾಟಕ ಆಡುವಾಗ ನಾಲ್ಕನೇ ತರಗತಿಯಲ್ಲಿದ್ದ ಮಗು ಆ ಹೊತ್ತಿಗೆ ಎಂಟಕ್ಕೆ ಬಂದಿತ್ತು.